ರಾತ್ರಿ ರೈಲಿಗೆ ಚೀಲ ತುಂಬುವ ಪಾಠ



ಬರುವ ಡಿಸೆಂಬರಿನಲ್ಲಿ ನಮ್ಮ ಶಾಲೆಯಿಂದ ಮೈಸೂರು ಪ್ರವಾಸ ಇದೆ ಅಂತ ನಿಮಗೆಲ್ಲ ಗೊತ್ತೇ ಇದೆ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಹೊಸಪೇಟೆ, ಬಳ್ಳಾರಿ, ಗುಂತಕಲ್ ದಾಟಿ ಬೆಳಿಗ್ಗೆ ಬೆಂಗಳೂರು, ಆಮೇಲೆ ಮೈಸೂರು. ನಮ್ಮಲ್ಲಿ ಬಹಳ ಜನ ಸ್ಲೀಪರ್ ಡಬ್ಬಿಯಲ್ಲಿ ಒಂದು ರಾತ್ರಿಯೂ ಮಲಗಿಲ್ಲ. ನಾನು ಮೂರು ತಿಂಗಳಿಗೊಮ್ಮೆ ಮಲಗುತ್ತೇನೆ. ಯಾಕೆಂದರೆ 5ನೇ ತರಗತಿಯಲ್ಲಿರುವ ನನ್ನ ತಮ್ಮನಿಗೆ ಟೈಪ್ 1 ಸಕ್ಕರೆ ಕಾಯಿಲೆ. ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಅವ್ವನ ಜೊತೆ ನಾನೂ ಹೋಗುತ್ತೇನೆ. ಚೀಲ ತುಂಬುವ ಕೆಲಸ ನನ್ನದು. ಅದಕ್ಕೇ ವಿಜ್ಞಾನ ಗುರುಗಳು "ಈ ಸಲ ನೀನೇ ಬರಿ" ಅಂದರು.

ಮೊದಲು ಕರೆಂಟಿನ ವಿಷಯ ನೋಡೋಣ. ಓಡುವ ರೈಲಿಗೆ ಕರೆಂಟ್ ಎಲ್ಲಿಂದ ಬರುತ್ತದೆ? ಹುಬ್ಬಳ್ಳಿಯಲ್ಲಿ ಡಬ್ಬಿಗಳ ಕರೆಂಟ್ ಕೆಲಸ ಮಾಡುವ ನಮ್ಮ ಸೋದರಮಾವ ಇದನ್ನು ತಿಳಿಸಿ ಹೇಳಿದರು. ಹಳೇ ಮಾದರಿಯ ಡಬ್ಬಿಗಳ ಕೆಳಗೆ ಒಂದು ಆಲ್ಟರ್ನೇಟರ್ ಇರುತ್ತದೆ. ಗಾಲಿಯ ಅಚ್ಚು ತಿರುಗಿದರೆ, ಹಿಟ್ಟಿನ ಗಿರಣಿಯಲ್ಲಿ ಬೆಲ್ಟ್ ತಿರುಗಿದ ಹಾಗೆ, ಬೆಲ್ಟುಗಳು ಅದನ್ನೂ ತಿರುಗಿಸುತ್ತವೆ. ಅದರಿಂದ 110 ವೋಲ್ಟ್ ನೇರ ವಿದ್ಯುತ್, ಅಂದರೆ ಡಿ.ಸಿ. ಸಿಗುತ್ತದೆ. ಅದೇ ಕರೆಂಟ್ ಡಬ್ಬಿಯ ಕೆಳಗಿನ ಬ್ಯಾಟರಿಗಳಿಗೂ ತುಂಬುತ್ತದೆ. ಸೈಕಲ್ ನಿಂತರೆ ಡೈನಮೊ ದೀಪ ಆರುತ್ತದೆ, ರೈಲು ನಿಂತರೆ ದೀಪ ಆರುವುದಿಲ್ಲ, ಬ್ಯಾಟರಿಯೇ ಕಾರಣ. ಈಗಿನ ಎಲ್.ಎಚ್.ಬಿ. ಡಬ್ಬಿಗಳ ರೈಲಿನಲ್ಲಿ ಸಾಮಾನ್ಯವಾಗಿ ಬೇರೆ ವ್ಯವಸ್ಥೆ. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಎಂಜಿನ್ ಅದನ್ನು 750 ವೋಲ್ಟಿಗೆ ಇಳಿಸಿ ಎಲ್ಲ ಡಬ್ಬಿಗಳಿಗೆ ಕಳಿಸುತ್ತದೆ, ಇಲ್ಲವೇ ಜನರೇಟರ್ ಇರುವ ಪವರ್ ಕಾರ್ ಕಳಿಸುತ್ತದೆ. ದೀಪ, ಫ್ಯಾನಿಗೆ ಅದನ್ನು ಮತ್ತೆ 110 ವೋಲ್ಟಿಗೆ ಇಳಿಸುತ್ತಾರೆ.

ನಮ್ಮ ಮನೆಯಲ್ಲಿ 230 ವೋಲ್ಟ್. ರೈಲಿನ ಚಾರ್ಜಿಂಗ್ ಪಾಯಿಂಟಿನಲ್ಲಿ 110. ಹಾಗಾದರೆ ಮನೆಯ ಚಾರ್ಜರ್ ಅಲ್ಲಿ ನಡೆಯುತ್ತದೆಯೇ? ಚಾರ್ಜರಿನ ಮೈಮೇಲೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ. "ಇನ್‌ಪುಟ್ 100-240" ಅಂತ ಇದ್ದರೆ ನಡೆಯುತ್ತದೆ. ಚಾರ್ಜರಿನ ಒಳಗೆ ಮೊದಲು ಡಯೋಡುಗಳಿವೆ. ಅವು ಎ.ಸಿ.ಯನ್ನು ಡಿ.ಸಿ. ಮಾಡುತ್ತವೆ, ಡಿ.ಸಿ. ಬಂದರೆ ಹಾಗೇ ಒಳಗೆ ಬಿಡುತ್ತವೆ. ಬರೀ "220-240" ಅಂತ ಇರುವ ಚಾರ್ಜರ್ ತಂದರೆ ಉಪಯೋಗವಿಲ್ಲ. ನೀರು ಕಾಯಿಸುವ ಕೆಟಲ್, ಇಸ್ತ್ರಿ ಪೆಟ್ಟಿಗೆ ಚುಚ್ಚುವ ಮಾತೇ ಇಲ್ಲ. ಅವು ಎಳೆಯುವ ಕರೆಂಟಿಗೆ ಆ ಸಣ್ಣ ತಂತಿ ಕಾಯ್ದು ಬೆಂಕಿ ಹತ್ತಬಹುದು. ಬೆಂಕಿಯ ಭಯಕ್ಕೇ 2021ರಲ್ಲಿ ರೈಲ್ವೆಯವರು ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಚಾರ್ಜಿಂಗ್ ಪಾಯಿಂಟ್ ಬಂದ್ ಇಡಬೇಕು ಅಂತ ಹೇಳಿದರು. ಆದ್ದರಿಂದ ಮಲಗುವಾಗ ಚಾರ್ಜಿಗೆ ಹಾಕಿ ಬೆಳಿಗ್ಗೆ ತೆಗೆದರಾಯಿತು ಅನ್ನುವ ಲೆಕ್ಕ ನಡೆಯುವುದಿಲ್ಲ. ಮನೆಯಲ್ಲೇ ತುಂಬಿಸಿಕೊಂಡು ಹೊರಡಬೇಕು.

ಪವರ್ ಬ್ಯಾಂಕ್ ಇದ್ದರೆ ಒಳ್ಳೆಯದು. ಆದರೆ ಅದರ ಮೇಲಿನ ಅಂಕಿ ನೋಡಿ ಹಿಗ್ಗಬೇಡಿ. 10,000 ಎಂ.ಎ.ಎಚ್. ಪವರ್ ಬ್ಯಾಂಕ್, 5,000ದ ಫೋನು, ಎರಡು ಸಲ ತುಂಬುತ್ತದೆ ಅಂತ ನಮ್ಮ ತರಗತಿಯಲ್ಲಿ ಎಲ್ಲರೂ ಕೈ ಎತ್ತಿದರು. ಲೆಕ್ಕ ಹೀಗಿದೆ: ಒಳಗಿನ ಸೆಲ್ 3.7 ವೋಲ್ಟಿನದು. 10 ಆಂಪಿಯರ್-ಗಂಟೆಯನ್ನು 3.7ರಿಂದ ಗುಣಿಸಿದರೆ 37 ವ್ಯಾಟ್-ಗಂಟೆ. ಅದನ್ನು 5 ವೋಲ್ಟಿಗೆ ಏರಿಸುವಾಗ, ಫೋನಿನಲ್ಲಿ ಮತ್ತೆ ಇಳಿಸುವಾಗ, ವೈರಿನಲ್ಲಿ, ಎಲ್ಲ ಸೇರಿ ಸುಮಾರು ಮೂರನೇ ಒಂದು ಭಾಗ ಬಿಸಿಯಾಗಿ ಹೋಗುತ್ತದೆ. ಉಳಿದದ್ದು 25ರ ಹತ್ತಿರ. ಫೋನಿಗೆ ಬೇಕಾದದ್ದು 18.5. ಅಂದರೆ ಒಂದೂಕಾಲು ಸಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇನ್ನೊಂದು ಮಾತು, ಚಾರ್ಜ್ ಆಗುತ್ತಿರುವ ಫೋನನ್ನೂ ಪವರ್ ಬ್ಯಾಂಕನ್ನೂ ತಲೆದಿಂಬಿನ ಕೆಳಗೆ ಇಡಬಾರದು, ಬಿಸಿ ಹೊರಗೆ ಹೋಗಲು ದಾರಿ ಬೇಕು.

ಓಡುವ ರೈಲಿನಲ್ಲಿ ಫೋನು ಒಂದು ಟವರ್ ಬಿಟ್ಟು ಇನ್ನೊಂದು ಹುಡುಕುತ್ತಲೇ ಇರುತ್ತದೆ. ಬಯಲಲ್ಲಿ ಟವರ್ ದೂರ ಇದ್ದರಂತೂ ಬ್ಯಾಟರಿ ಬೇಗ ಇಳಿಯುತ್ತದೆ. ಮಲಗುವಾಗ ಫ್ಲೈಟ್ ಮೋಡಿಗೆ ಹಾಕಿರಿ, ಅಲಾರಂ ಹೊಡೆಯುವುದಕ್ಕೆ ಅಡ್ಡಿಯಿಲ್ಲ. ನಮಗೆ ಯಾರಿಗೂ ಫೋನಿಲ್ಲ, ನಮಗ್ಯಾಕೆ ಈ ಪಾಠ ಅಂತೀರಾ? ಟಿಕೆಟ್ ಇರುವುದು ಗುರುಗಳ ಫೋನಿನಲ್ಲಿ. ಅದಕ್ಕೇ ಟಿಕೆಟಿನ ಪಿ.ಎನ್.ಆರ್. ನಂಬರ್, ಮನೆಯ ನಂಬರ್, ರೈಲ್ವೆ ಸಹಾಯವಾಣಿ 139, ಇವನ್ನು ಒಂದು ಚೀಟಿಯಲ್ಲಿ ಪೆನ್ನಿನಿಂದ ಬರೆದು ಅಂಗಿ ಜೇಬಿನಲ್ಲಿ ಇಡಿ. ಚೀಟಿಗೆ ಬ್ಯಾಟರಿ ಬೇಡ. ಫೋಟೊ ಇರುವ ಶಾಲೆಯ ಗುರುತಿನ ಚೀಟಿಯೂ ರೈಲಿನಲ್ಲಿ ನಡೆಯುತ್ತದೆ, ಝೆರಾಕ್ಸ್ ಅಲ್ಲ, ಮೂಲವೇ ಇರಲಿ.

ಈಗ ಚೀಲ. ನಾನು ಎರಡು ಚೀಲ ಮಾಡುತ್ತೇನೆ. ದೊಡ್ಡದು ಸೀಟಿನ ಕೆಳಗೆ ಹೋಗುತ್ತದೆ. ಅಲ್ಲಿ ಕಬ್ಬಿಣದ ಕೊಂಡಿ ಇರುತ್ತದೆ, ಸರಪಳಿ ಹಾಕಿ ಬೀಗ ಹಾಕುವುದು. ಸಣ್ಣದು ಮಲಗುವಾಗಲೂ ತಲೆಯ ಹತ್ತಿರ. ರಾತ್ರಿ ಬೇಕಾಗುವ ಯಾವುದೂ ದೊಡ್ಡ ಚೀಲದಲ್ಲಿ ಇರಬಾರದು. ಸಣ್ಣ ಚೀಲದಲ್ಲಿ ಟಾರ್ಚ್, ನೀರಿನ ಬಾಟಲಿ, ಗ್ಲೂಕೋಸ್ ಪುಡಿ, ಒಂದು ಚಮಚ, ಬಿಸ್ಕತ್ತು, ತಮ್ಮನ ರಕ್ತ ನೋಡುವ ಗ್ಲೂಕೋಮೀಟರ್, ಅದರ ಪಟ್ಟಿಗಳು, ಇನ್ಸುಲಿನ್ ಇರುತ್ತವೆ. ನಮ್ಮ ಮೀಟರಿಗೆ ಚಾರ್ಜರ್ ಇಲ್ಲ, ಸಿಆರ್ 2032 ಅನ್ನುವ ನಾಣ್ಯದಂಥ ಸೆಲ್ ಬೇಕು. ರಾತ್ರಿ ಎರಡು ಗಂಟೆಗೆ ಗುಂತಕಲ್ ಪ್ಲಾಟ್‌ಫಾರಂನಲ್ಲಿ ಅದನ್ನು ಎಲ್ಲಿ ಹುಡುಕುವುದು? ಅದಕ್ಕೇ ಒಂದು ಹೆಚ್ಚಿಗೆ ಇಟ್ಟಿರುತ್ತೇನೆ, ಕವರ್ ಒಡೆಯದೆ. ಸಣ್ಣ ಮಕ್ಕಳು ನುಂಗಿದರೆ ಬಹಳ ಅಪಾಯ.

ಹೋದ ವರ್ಷ ಒಂದು ರಾತ್ರಿ ತಮ್ಮ ನಿದ್ದೆಗಣ್ಣಿನಲ್ಲಿ ಅರ್ಧ ರೊಟ್ಟಿ ಮಾತ್ರ ತಿಂದು ಮಲಗಿದ್ದ. ನಡುರಾತ್ರಿ "ಅಕ್ಕಾ, ಕೈ ನಡುಗಾಕತ್ತಾವು" ಅಂತ ನನ್ನನ್ನು ಎಬ್ಬಿಸಿದ. ಮುಟ್ಟಿದರೆ ಅಂಗಿಯೆಲ್ಲ ಬೆವರು. ಡಬ್ಬಿಯಲ್ಲಿ ನೀಲಿ ದೀಪ ಬಿಟ್ಟರೆ ಕತ್ತಲೆ. ಅವ್ವ ಟಾರ್ಚ್ ಹಿಡಿದಳು, ನಾನು ಬೆರಳು ಚುಚ್ಚಿ ನೋಡಿದೆ, 58 ಬಂತು. 70ಕ್ಕಿಂತ ಕೆಳಗೆ ಹೋದರೆ ತಡ ಮಾಡಬಾರದು ಅಂತ ಡಾಕ್ಟರು ಹೇಳಿದ್ದಾರೆ. ಮೂರು ಟೀ ಚಮಚ ಗ್ಲೂಕೋಸ್ ನೀರಿಗೆ ಹಾಕಿ ಕುಡಿಸಿದೆವು. 15 ನಿಮಿಷ ಕಾದು ಮತ್ತೆ ನೋಡಿದರೆ 84. ಆಮೇಲೆ ಬಿಸ್ಕತ್ತು ಕೊಟ್ಟೆವು. ಎದುರಿನ ಸೀಟಿನ ಅಜ್ಜ ಎದ್ದು ಕೂತು "ಏನಾತವ್ವಾ?" ಅಂದರು. ಅವ್ವ ಹೇಳಿದ ಮೇಲೆ ಅವರೂ ಮಲಗಲಿಲ್ಲ. ಬೆಳಗಿನ ತನಕ ತಮ್ಮನಿಗೆ ಎತ್ತಿನ ಕತೆ ಹೇಳುತ್ತಾ ಕೂತಿದ್ದರು.

ಇನ್ಸುಲಿನ್‌ಗೆ ಬಿಸಿಲೂ ಆಗದು, ಮಂಜುಗಡ್ಡೆಯೂ ಆಗದು. ಒಮ್ಮೆ ಗಡ್ಡೆ ಕಟ್ಟಿದರೆ ಅದು ಕೆಟ್ಟ ಹಾಗೆಯೇ. ಬೇಸಿಗೆಯಲ್ಲಿ ನಾವು ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಇಟ್ಟು, ಹೊರಗೆ ಒದ್ದೆ ಬಟ್ಟೆ ಕಟ್ಟುತ್ತೇವೆ. ನೀರು ಆವಿಯಾಗುವಾಗ ಶಾಖ ಎಳೆದುಕೊಳ್ಳುತ್ತದೆ, 8ನೇ ತರಗತಿಯವರೂ ಬಲ್ಲ ಮಾತು. ಕಿಟಕಿಯ ಪಕ್ಕ ಇಡುವುದಿಲ್ಲ. ಚುಚ್ಚಿದ ಸೂಜಿಯನ್ನು ಕಿಟಕಿಯಿಂದ ಎಸೆಯುವುದಿಲ್ಲ, ಹಳಿಯ ಮೇಲೆ ಕೆಲಸ ಮಾಡುವವರ ಕಾಲಿಗೆ ಚುಚ್ಚುತ್ತದೆ. ಗಟ್ಟಿ ಬಾಟಲಿಯಲ್ಲಿ ಹಾಕಿ ಆಸ್ಪತ್ರೆಗೇ ಕೊಡುತ್ತೇವೆ.

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಅನ್ನ ಸಾರು ಹಳಸುತ್ತದೆ, ಚೆಲ್ಲುತ್ತದೆ. ಸ್ಲೀಪರ್ ಡಬ್ಬಿಯಲ್ಲಿ ಹಾಸಿಗೆ ಹೊದಿಕೆ ಕೊಡುವುದಿಲ್ಲ. ಡಿಸೆಂಬರಿನಲ್ಲಿ ಕಿಟಕಿಯ ಸಂದಿಯಿಂದ ಥಂಡಿ ಗಾಳಿ ಬರುತ್ತದೆ, ಕಿವಿಗೆ ಮಫ್ಲರ್ ಬೇಕೇ ಬೇಕು. ಕೌದಿ ತಂದರೆ ಭಾರ, ಒಂದು ದಪ್ಪ ಚಾದರ ಸಾಕು. ಚಪ್ಪಲಿಗೆ ಒಂದು ಹಳೇ ಕವರ್ ಇರಲಿ. ಸೋಪಿನ ತುಂಡು, ಟವೆಲ್ ಮರೆಯಬೇಡಿ. ಪಟಾಕಿ, ಸೀಮೆಎಣ್ಣೆ, ಸ್ಟೋವ್ ತರುವುದು ಕಾನೂನಿನಲ್ಲೇ ಅಪರಾಧ, ಮೂರು ವರ್ಷದವರೆಗೆ ಸೆರೆ ಆಗಬಹುದು.

ಕೊನೆಗೆ ಸೀಟಿನ ಲೆಕ್ಕ. ಸೀಟ್ ನಂಬರನ್ನು 8ರಿಂದ ಭಾಗಿಸಿ ಶೇಷ ನೋಡಿ. 1 ಅಥವಾ 4 ಉಳಿದರೆ ಕೆಳಗಿನದು, 2 ಅಥವಾ 5 ಉಳಿದರೆ ನಡುವಿನದು, 3 ಅಥವಾ 6 ಉಳಿದರೆ ಮೇಲಿನದು. 7 ಉಳಿದರೆ ದಾರಿಯ ಪಕ್ಕದ ಕೆಳಗಿನದು, ಸೊನ್ನೆ ಬಂದರೆ ಅದರ ಮೇಲಿನದು. ನಡುವಿನ ಸೀಟನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಬಿಚ್ಚಬಹುದು, ಈ ವೇಳೆ 2017ರಿಂದ ಇದೆ. ಅಷ್ಟೊತ್ತಿಗೆ ಎಲ್ಲರ ಊಟ ಮುಗಿದಿರಬೇಕು.

ಈ ವಾರದ ಪ್ರಶ್ನೆ: ನನಗೆ 43, ತಮ್ಮನಿಗೆ 44, ಅವ್ವನಿಗೆ 47 ಬಂದರೆ ಯಾರು ಎಲ್ಲಿ ಮಲಗುತ್ತೇವೆ? ರಾತ್ರಿ ತಮ್ಮ ಕರೆದರೆ ಬೇಗ ಎದ್ದು ಹೋಗಲು ನಾನೂ ಅವ್ವನೂ ಸೀಟು ಬದಲಿಸಿಕೊಳ್ಳಬೇಕೇ? ಉತ್ತರ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿರಿ.