ಲೊಬೊಲ: ಒಂದು ವಿವಾಹಪದ್ಧತಿಯ ಕಥೆ

ಮದುವೆಯೆಂಬುದು ಎರಡು ಜೀವಗಳ ಸಂಬಂಧ ಮಾತ್ರವಲ್ಲ, ಎರಡು ಮನೆತನಗಳ ಬೆಸುಗೆಯೂ ಹೌದು. ಈ ಭಾವನೆ ನಮ್ಮಲ್ಲಿರುವಂತೆಯೇ ದಕ್ಷಿಣ ಆಫ್ರಿಕದ ಝುಲು ಮೊದಲಾದ ಜನಾಂಗಗಳಲ್ಲಿಯೂ ಆಳವಾಗಿ ಬೇರೂರಿದೆ. ಅಲ್ಲಿ ವರನ ಕಡೆಯವರು ವಧುವಿನ ಮನೆಗೆ ದನಗಳನ್ನು ಒಪ್ಪಿಸುವ ಸಂಪ್ರದಾಯವುಂಟು. ಇದಕ್ಕೆ ‘ಲೊಬೊಲ’ ಎಂದು ಹೆಸರು. ಝುಲು ಜನರ ರೂಢಿಯಂತೆ ಸಾಮಾನ್ಯ ಮನೆತನದ ವಧುವಿಗೆ 11 ದನಗಳು. ಅವುಗಳಲ್ಲಿ ಒಂದು ಹೆತ್ತ ತಾಯಿಗೆ ಸಲ್ಲುವ ಗೌರವ. ಇದು ಹೆಣ್ಣಿಗೆ ಕಟ್ಟಿದ ಬೆಲೆಯಲ್ಲ, ಬಂಧುತ್ವದ ಮುದ್ರೆ ಎಂಬುದು ಹಿರಿಯರ ನಂಬಿಕೆ.

1886ರಲ್ಲಿ ಇಂದಿನ ಜೊಹಾನೆಸ್‌ಬರ್ಗ್ ಇರುವ ಪ್ರದೇಶದಲ್ಲಿ ಚಿನ್ನದ ನಿಕ್ಷೇಪ ಪತ್ತೆಯಾಯಿತು. ಹಳ್ಳಿಯ ತರುಣರು ಗಣಿಗಳತ್ತ ನಡೆದರು. ಗಂಡಸರಿಗೆಂದೇ ಕಟ್ಟಿದ ವಸತಿಗಳಲ್ಲಿ ಅವರು ತಿಂಗಳುಗಟ್ಟಲೆ ಇರಬೇಕಾಗಿತ್ತು. ಮಡದಿ ಮಕ್ಕಳು ಊರಿನಲ್ಲಿಯೇ ಉಳಿದರು. ಕರಿಯ ಜನರ ಓಡಾಟವನ್ನು ನಿರ್ಬಂಧಿಸಿದ ಪಾಸ್ ಕಾನೂನುಗಳು 1986ರಲ್ಲಿ ರದ್ದಾಗುವವರೆಗೂ ಎಷ್ಟೋ ಕುಟುಂಬಗಳು ಪಟ್ಟಣದಲ್ಲಿ ಕೂಡಿ ಬಾಳಲಾಗಲಿಲ್ಲ. ಕ್ರಮೇಣ ದನಗಳ ಸ್ಥಾನಕ್ಕೆ ಹಣ ಬಂದಿತು. ನಿರುದ್ಯೋಗಿ ತರುಣನಿಗೆ ಆ ಹಣವನ್ನು ಕೂಡಿಸುವುದು ದುಸ್ಸಾಧ್ಯವಾಯಿತು. ಲೊಬೊಲ ಇಂದಿಗೂ ಉಳಿದಿದೆಯಾದರೂ, ಅದನ್ನು ಸಲ್ಲಿಸದೆಯೇ ಒಂದಾಗಿ ಸಂಸಾರ ಹೂಡುವವರು ಹೆಚ್ಚಿದ್ದಾರೆ.

ಆದರೆ ಕಾನೂನು ಮನ್ನಿಸದ ದಾಂಪತ್ಯಕ್ಕೆ ಆಸರೆ ಎಲ್ಲಿಯದು? ಅಲ್ಲಿ ನೆಲೆಸಿದ್ದ ಭಾರತೀಯರೂ ಈ ನೋವನ್ನು ಉಂಡಿದ್ದರು. 1913ರಲ್ಲಿ ಕೇಪ್ ಪ್ರಾಂತದ ನ್ಯಾಯಾಲಯದ ತೀರ್ಪೊಂದು ಕ್ರೈಸ್ತ ವಿಧಿಯಂತೆ ನಡೆಯದ ಅವರ ಮದುವೆಗಳ ಸಿಂಧುತ್ವವನ್ನೇ ಅಲ್ಲಗಳೆದಾಗ, ಕಸ್ತೂರಬಾ ಸತ್ಯಾಗ್ರಹಕ್ಕಿಳಿದು ಸೆರೆಮನೆ ಸೇರಿದರು. ಆಫ್ರಿಕನ್ನರ ಸಾಂಪ್ರದಾಯಿಕ ವಿವಾಹಕ್ಕೆ ಪೂರ್ಣ ಮನ್ನಣೆ ದೊರೆತುದಾದರೋ 1998ರ ಕಾಯಿದೆಯಿಂದ. ಅದು ಜಾರಿಗೆ ಬಂದುದು 2000ದಲ್ಲಿ.

ಮದುವೆಯಾಗದೆ ಕೂಡಿ ಬಾಳಿದವರ ಪ್ರಶ್ನೆ ಮಾತ್ರ ಉಳಿದಿತ್ತು. ಮನೆಗೆಲಸ ಮಾಡಿ ಬದುಕುತ್ತಿದ್ದ ಒಬ್ಬ ಮಹಿಳೆಯ ಸಂಗಾತಿ, ಲೊಬೊಲದ ಮಾತುಕತೆಗೆ ಹೊರಡುವ ಮುನ್ನವೇ, 2016ರಲ್ಲಿ ತೀರಿಕೊಂಡನು. ಮದುವೆಯಾಗಿರಲಿಲ್ಲವೆಂದು ಆಕೆಯ ಹಕ್ಕನ್ನು ತಳ್ಳಿಹಾಕಲಾಯಿತು. ಆಕೆ ಎದೆಗುಂದಲಿಲ್ಲ, ದೇಶದ ಸಂವಿಧಾನ ನ್ಯಾಯಾಲಯದವರೆಗೂ ಹೋದಳು. ಪರಸ್ಪರ ಪೋಷಣೆಯ ಹೊಣೆ ಹೊತ್ತು ಶಾಶ್ವತವಾಗಿ ಕೂಡಿ ಬಾಳಿದ ಸಂಗಾತಿಗೂ ಉತ್ತರಾಧಿಕಾರ ಮತ್ತು ಜೀವನಾಂಶದ ಹಕ್ಕುಂಟೆಂದು 2021ರ ಡಿಸೆಂಬರ್ 31ರಂದು ಆ ನ್ಯಾಯಾಲಯ ಸಾರಿತು.

ಕಾಲ ಬದಲಾದಂತೆ ಆಚಾರಗಳೂ ಬದಲಾಗುತ್ತವೆ. ಅವುಗಳನ್ನು ಹೊಗಳುವ ಇಲ್ಲವೆ ತೆಗಳುವ ಮೊದಲು ನಾವು ಕೇಳಬೇಕಾದ ಪ್ರಶ್ನೆ ಒಂದುಂಟು: ಮನೆಯ ಆಧಾರ ಕುಸಿದ ದಿನ, ಉಳಿದವರ ಕೈ ಹಿಡಿಯುವವರು ಯಾರು?