ಮನೆಯ ಮೇಲ್ಛಾವಣಿಗೆ ಸೌರಫಲಕ: ಮೊದಲು ಬಿಲ್ಲಿನ ಲೆಕ್ಕ, ಅನಂತರ ಸಹಾಯಧನ

ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ’ಯನ್ನು ಆರಂಭಿಸಿತು. ದೇಶದ 1 ಕೋಟಿ ಮನೆಗಳ ಮೇಲ್ಛಾವಣಿಯಲ್ಲಿ ಸೌರ ವಿದ್ಯುತ್ ಘಟಕಗಳನ್ನು ಅಳವಡಿಸುವುದು ಇದರ ಗುರಿ. ಈ ಯೋಜನೆಯ ಬಗ್ಗೆ ವಿಚಾರಿಸಲು ಗ್ರಾಮ ಪಂಚಾಯತಿಗೆ ಬರುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ “ಸಬ್ಸಿಡಿ ಎಷ್ಟು ಸಿಗುತ್ತದೆ?” ಎಂಬುದಾಗಿರುತ್ತದೆ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ನಮ್ಮ ಮನೆಯ ಕರೆಂಟ್ ಬಿಲ್ ಈಗ ಎಷ್ಟು ಬರುತ್ತಿದೆ?” ಎಂಬುದು. ಈ ಕ್ರಮ ತಪ್ಪಿದಲ್ಲಿ, ಬಿಲ್ಲೇ ಬಾರದ ಮನೆಯು ಸಾಲದ ಕಂತು ಕಟ್ಟುವ ಸ್ಥಿತಿ ಬರಬಹುದು. ಹಾನಗಲ್, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಕುಟುಂಬಗಳು ತಮ್ಮ ನಿರ್ಧಾರವನ್ನು ತಾವೇ ಲೆಕ್ಕ ಹಾಕಿ ಕೈಗೊಳ್ಳಲು ನೆರವಾಗಲಿ ಎಂಬುದು ಈ ಪಾಠದ ಉದ್ದೇಶ.

1. ಸಹಾಯಧನದ ಸ್ವರೂಪ

ಮೊದಲ 2 ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ ದೊರೆಯುತ್ತದೆ. ಅಂದರೆ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಸಾಮರ್ಥ್ಯಕ್ಕೆ ಗರಿಷ್ಠ 78,000 ರೂಪಾಯಿ. ಈ ಮೊತ್ತವು ಮುಂಗಡವಾಗಿ ಬರುವುದಿಲ್ಲ; ಘಟಕ ಚಾಲನೆಗೊಂಡು ಪರಿಶೀಲನೆ ಮುಗಿದ ನಂತರ ಗ್ರಾಹಕರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಆದುದರಿಂದ ಪೂರ್ಣ ವೆಚ್ಚವನ್ನು ಮೊದಲು ಕುಟುಂಬವೇ ಹೊಂದಿಸಬೇಕು, ಇಲ್ಲವೇ ಬ್ಯಾಂಕ್ ಸಾಲ ಪಡೆಯಬೇಕು.

2. ನಿಮ್ಮ ಮನೆ ಯಾವ ವರ್ಗಕ್ಕೆ ಸೇರುತ್ತದೆ?

ರಾಜ್ಯದಲ್ಲಿ 2023ರ ಜುಲೈನಿಂದ ‘ಗೃಹ ಜ್ಯೋತಿ’ ಯೋಜನೆ ಜಾರಿಯಲ್ಲಿದೆ. 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಯನ್ನು ಆಧರಿಸಿ, 200 ಯೂನಿಟ್ ಮೀರದಂತೆ, ಪ್ರತಿ ಮನೆಗೆ ಉಚಿತ ಬಳಕೆಯ ಮಿತಿಯನ್ನು ನಿಗದಿಪಡಿಸಲಾಗಿದೆ. ಇದರ ಆಧಾರದ ಮೇಲೆ ಮನೆಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

(ಅ) ಶೂನ್ಯ ಬಿಲ್ಲಿನ ಮನೆ: ಬಳಕೆಯು ಮಿತಿಯೊಳಗೇ ಇರುವ ಮನೆ. ತಿಂಗಳಿಗೆ 60ರಿಂದ 90 ಯೂನಿಟ್ ಬಳಸುವ ಬಹುತೇಕ ರೈತ ಮತ್ತು ಕೂಲಿ ಕುಟುಂಬಗಳು ಈ ವರ್ಗದಲ್ಲಿವೆ. ಬಿಲ್ಲೇ ಇಲ್ಲದಿರುವಾಗ ಸೌರಫಲಕದಿಂದ ಉಳಿಸಲು ಹಣವೂ ಇರುವುದಿಲ್ಲ. ಹೆಚ್ಚುವರಿ ವಿದ್ಯುತ್ತನ್ನು ಜಾಲಕ್ಕೆ ನೀಡಿದರೂ ಅದಕ್ಕೆ ದೊರೆಯುವ ದರವು ನಾವು ಖರೀದಿಸುವ ದರಕ್ಕಿಂತ ಕಡಿಮೆ. ಇಂತಹ ಕುಟುಂಬಗಳು ಸಾಲ ಮಾಡಿ ಘಟಕ ಅಳವಡಿಸಿಕೊಳ್ಳುವುದು ಸದ್ಯಕ್ಕೆ ಸೂಕ್ತವಲ್ಲ.

(ಆ) ಮಿತಿ ಮೀರಿದರೂ 200 ಯೂನಿಟ್‌ನೊಳಗಿನ ಮನೆ: ಇಲ್ಲಿ ಮಿತಿಗಿಂತ ಹೆಚ್ಚು ಬಳಸಿದ ಯೂನಿಟ್‌ಗಳಿಗೆ ಮಾತ್ರ ಹಣ ಪಾವತಿಸಬೇಕು. ಉಳಿತಾಯದ ಅವಕಾಶ ಅಲ್ಪವಾಗಿರುವುದರಿಂದ ಹೂಡಿಕೆಯು ಮರಳಲು ದೀರ್ಘಕಾಲ ಬೇಕಾಗುತ್ತದೆ.

(ಇ) 200 ಯೂನಿಟ್ ಮೀರುವ ಮನೆ: ಇಲ್ಲಿ ಪೂರ್ಣ ಬಿಲ್ ಪಾವತಿಸಬೇಕು. ಸೌರಫಲಕದ ಬಗ್ಗೆ ಗಂಭೀರವಾಗಿ ಯೋಚಿಸಬೇಕಾದುದು ಈ ವರ್ಗ.

3. ಫಲಕಕ್ಕಿಂತ ಮೊದಲು ಫ್ಯಾನು

200 ಯೂನಿಟ್‌ನ ಅಂಚಿನಲ್ಲಿರುವ ಮನೆಗಳು ಮೊದಲು ಬಳಕೆಯನ್ನು ಪರೀಕ್ಷಿಸಿಕೊಳ್ಳಬೇಕು. ಹಳೆಯ ಸೀಲಿಂಗ್ ಫ್ಯಾನು ಸುಮಾರು 70 ವ್ಯಾಟ್, ಬಿಎಲ್‌ಡಿಸಿ ಫ್ಯಾನು ಸುಮಾರು 30 ವ್ಯಾಟ್ ಬಳಸುತ್ತದೆ. ದಿನಕ್ಕೆ 12 ಗಂಟೆ ತಿರುಗುವ ಒಂದು ಫ್ಯಾನು ಬದಲಿಸಿದರೆ ತಿಂಗಳಿಗೆ ಸುಮಾರು 14 ಯೂನಿಟ್, ಮೂರು ಫ್ಯಾನು ಬದಲಿಸಿದರೆ ಸುಮಾರು 43 ಯೂನಿಟ್ ಉಳಿಯುತ್ತದೆ. 230 ಯೂನಿಟ್ ಬಳಸುತ್ತಿದ್ದ ಮನೆಯು ಈ ಒಂದು ಕ್ರಮದಿಂದಲೇ 200ರ ಒಳಗೆ ಬರುತ್ತದೆ. 2 ಕಿಲೋವ್ಯಾಟ್‌ನ ಗೀಸರನ್ನು ದಿನಕ್ಕೆ ಒಂದು ಗಂಟೆ ಬಳಸಿದರೆ ತಿಂಗಳಿಗೆ 60 ಯೂನಿಟ್ ಖರ್ಚಾಗುತ್ತದೆ. ಅಂತಹ ಮನೆಗೆ ವಿದ್ಯುತ್ ಫಲಕಕ್ಕಿಂತ ಸೋಲಾರ್ ವಾಟರ್ ಹೀಟರ್ ಹೆಚ್ಚು ಉಪಯುಕ್ತವಾಗಬಹುದು.

4. ಮಾದರಿ ಲೆಕ್ಕ

ಒಂದು ಮನೆಯು ತಿಂಗಳಿಗೆ 260 ಯೂನಿಟ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. 1 ಕಿಲೋವ್ಯಾಟ್ ಘಟಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಉತ್ಪಾದಿಸುತ್ತದೆ. 2 ಕಿಲೋವ್ಯಾಟ್‌ನಿಂದ ತಿಂಗಳಿಗೆ 240, ವರ್ಷಕ್ಕೆ 2,880 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಲೆಕ್ಕ ಹಾಕಿದರೆ ವಾರ್ಷಿಕ ಉಳಿತಾಯ 17,280 ರೂಪಾಯಿ. ಘಟಕದ ದರಪಟ್ಟಿ 1,40,000 ರೂಪಾಯಿ ಎಂದು ಭಾವಿಸಿ 60,000 ರೂಪಾಯಿ ಸಹಾಯಧನ ಕಳೆದರೆ ಕುಟುಂಬದ ಪಾಲು 80,000 ರೂಪಾಯಿ. ಇದು ಸುಮಾರು 5 ವರ್ಷದೊಳಗೆ ಮರಳುತ್ತದೆ. ಸಾಲ ಪಡೆದಲ್ಲಿ ಬಡ್ಡಿಯನ್ನೂ ಸೇರಿಸಬೇಕು. ನಿಗದಿತ ಶುಲ್ಕವು ಘಟಕ ಅಳವಡಿಸಿದ ನಂತರವೂ ಮುಂದುವರಿಯುತ್ತದೆ. ಫಲಕಗಳು ಸುಮಾರು 25 ವರ್ಷ ಬಾಳಿಕೆ ಬಂದರೂ ಇನ್ವರ್ಟರನ್ನು ಈ ಅವಧಿಯಲ್ಲಿ ಒಮ್ಮೆಯಾದರೂ ಬದಲಿಸಬೇಕಾಗುವುದರಿಂದ ಅದಕ್ಕೂ ಹಣ ತೆಗೆದಿರಿಸುವುದು ಜಾಣತನ.

ಇದೇ ಮನೆಯು 78,000 ರೂಪಾಯಿಯ ಆಸೆಗೆ 3 ಕಿಲೋವ್ಯಾಟ್ ಅಳವಡಿಸಿದರೆ ತಿಂಗಳಿಗೆ 360 ಯೂನಿಟ್ ಉತ್ಪಾದನೆಯಾಗಿ 100 ಯೂನಿಟ್ ಕಡಿಮೆ ದರಕ್ಕೆ ಹೋಗುತ್ತದೆ. ಸಾಮರ್ಥ್ಯವನ್ನು ಬಳಕೆಗೆ ತಕ್ಕಂತೆ ಆರಿಸಬೇಕೇ ಹೊರತು ಸಹಾಯಧನಕ್ಕೆ ತಕ್ಕಂತೆ ಅಲ್ಲ.

5. ಛಾವಣಿ, ನೆರಳು ಮತ್ತು ಧೂಳು

1 ಕಿಲೋವ್ಯಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಸ್ಥಳ ಬೇಕು. ಆರ್‌ಸಿಸಿ ಛಾವಣಿ ಉತ್ತಮ. ಹಾನಗಲ್ ಭಾಗದ ಹೆಂಚಿನ ಮನೆಗಳಲ್ಲಿ ಮತ್ತು ತಗಡಿನ ಮನೆಗಳಲ್ಲಿ ಕೆಳಗಿನ ತೊಲೆ, ಜಂತಿಗಳ ಬಲವನ್ನು ಪರೀಕ್ಷಿಸದೆ ಅಳವಡಿಸಬಾರದು. ಒಂದು ದೊಡ್ಡ ಫಲಕವು 25 ಕಿಲೋಗ್ರಾಂಗಿಂತ ಹೆಚ್ಚು ತೂಗುತ್ತದೆ. ಭಾರಕ್ಕಿಂತಲೂ ಗಾಳಿಯು ಅದನ್ನು ಮೇಲಕ್ಕೆತ್ತುವ ಒತ್ತಡವೇ ಹೆಚ್ಚು ಅಪಾಯಕಾರಿ. ಹಳೆಯ ಮಣ್ಣಿನ ಮಾಳಿಗೆಗಳ ಮೇಲೆ ಫಲಕ ಅಳವಡಿಸುವುದು ಸುರಕ್ಷಿತವಲ್ಲ.

ನಮ್ಮ ಭಾಗದಲ್ಲಿ ಫಲಕಗಳು ದಕ್ಷಿಣಾಭಿಮುಖವಾಗಿ, ಸುಮಾರು 15 ಡಿಗ್ರಿ ಇಳಿಜಾರಿನಲ್ಲಿರಬೇಕು. ತೆಂಗು, ಬೇವು ಅಥವಾ ನೀರಿನ ಟ್ಯಾಂಕಿನ ನೆರಳು ಫಲಕದ ಒಂದು ಮೂಲೆಯ ಮೇಲೆ ಬಿದ್ದರೂ ಉತ್ಪಾದನೆ ಗಣನೀಯವಾಗಿ ಕುಸಿಯುತ್ತದೆ. ದಕ್ಷಿಣ ದಿಕ್ಕಿನ ಮರಗಳ ನೆರಳು ಡಿಸೆಂಬರ್‌ನಲ್ಲಿ ಅತಿ ಉದ್ದವಾಗಿರುವುದರಿಂದ ಆ ತಿಂಗಳಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಗಮನಿಸುವುದು ಒಳ್ಳೆಯದು. ಮಳೆಗಾಲದ ಮೋಡದ ದಿನಗಳಲ್ಲಿ ಉತ್ಪಾದನೆ ತಗ್ಗುತ್ತದೆ. ಗೋವಿನಜೋಳದ ಒಕ್ಕಣೆಯ ಕಾಲದಲ್ಲಿ ಧೂಳು ಬೇಗ ಕೂರುವುದರಿಂದ ಮುಂಜಾನೆ, ಗಾಜು ಕಾಯುವ ಮೊದಲು, ಬರಿಯ ನೀರಿನಿಂದ ತೊಳೆಯಬೇಕು.

6. ಕರೆಂಟ್ ಹೋದಾಗ ಏನಾಗುತ್ತದೆ?

ಇದು ಹೆಚ್ಚಿನವರು ತಪ್ಪಾಗಿ ತಿಳಿದಿರುವ ವಿಷಯ. ಬ್ಯಾಟರಿ ಇಲ್ಲದ, ಜಾಲಕ್ಕೆ ಜೋಡಿಸಿದ ಘಟಕವು ಕರೆಂಟ್ ಹೋದೊಡನೆ ತಾನೂ ಸ್ಥಗಿತಗೊಳ್ಳುತ್ತದೆ. ತಂತಿಯ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯ ವಿದ್ಯುತ್ ಹರಿದು ಆಘಾತವಾಗಬಾರದೆಂದೇ ಈ ವ್ಯವಸ್ಥೆ. ಲೋಡ್‌ಶೆಡ್ಡಿಂಗ್‌ಗೆ ಪರಿಹಾರ ಬೇಕಾದವರು ಬ್ಯಾಟರಿಯುಳ್ಳ ಘಟಕವನ್ನೇ ಕೇಳಬೇಕು. ಬ್ಯಾಟರಿಯ ವೆಚ್ಚಕ್ಕೆ ಪ್ರತ್ಯೇಕ ಸಹಾಯಧನವಿಲ್ಲ.

7. ದಾಖಲೆ ಮತ್ತು ಕ್ರಮ

ಅನೇಕ ಮನೆಗಳ ಆರ್.ಆರ್. ಸಂಖ್ಯೆಯು ಇಂದಿಗೂ ತಂದೆ ಅಥವಾ ಅಜ್ಜನ ಹೆಸರಿನಲ್ಲಿದೆ. ಅರ್ಜಿ, ವಿದ್ಯುತ್ ಬಿಲ್ ಮತ್ತು ಬ್ಯಾಂಕ್ ಖಾತೆಯ ಹೆಸರುಗಳು ತಾಳೆಯಾಗದಿದ್ದರೆ ಸಹಾಯಧನಕ್ಕೆ ತೊಡಕಾಗುತ್ತದೆ. ಆದುದರಿಂದ ಮೊದಲು ಪಂಚಾಯತಿಯಲ್ಲಿ ಇ-ಸ್ವತ್ತು ದಾಖಲೆ ಸರಿಪಡಿಸಿಕೊಂಡು, ಹೆಸ್ಕಾಂ ಉಪವಿಭಾಗದಲ್ಲಿ ಹೆಸರು ಬದಲಾವಣೆ ಮಾಡಿಸಿಕೊಳ್ಳಬೇಕು. ಅಣ್ಣತಮ್ಮಂದಿರ ಜಂಟಿ ಛಾವಣಿಯಾದರೆ ಎಲ್ಲರ ಲಿಖಿತ ಒಪ್ಪಿಗೆ ಪಡೆಯುವುದು ಮುಂದಿನ ವ್ಯಾಜ್ಯವನ್ನು ತಪ್ಪಿಸುತ್ತದೆ.

ಅನಂತರದ ಕ್ರಮ ಹೀಗಿದೆ: ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಣಿ, ನೋಂದಾಯಿತ ಸರಬರಾಜುದಾರರ ಪೈಕಿ ಕನಿಷ್ಠ ಮೂವರಿಂದ ಲಿಖಿತ ದರಪಟ್ಟಿ, ಭಾರತದಲ್ಲೇ ತಯಾರಾದ ಕೋಶಗಳ ಫಲಕಗಳೆಂಬ ಖಾತರಿ, ಏಕೆಂದರೆ ಸಹಾಯಧನಕ್ಕೆ ಇದು ಕಡ್ಡಾಯ, 5 ವರ್ಷಗಳ ನಿರ್ವಹಣೆಯ ಷರತ್ತುಳ್ಳ ಒಪ್ಪಂದ, ಅರ್ಥಿಂಗ್ ಮತ್ತು ಸಿಡಿಲು ರಕ್ಷಣೆಯೊಂದಿಗೆ ಅಳವಡಿಕೆ, ಹೆಸ್ಕಾಂನಿಂದ ನೆಟ್ ಮೀಟರ್ ಮತ್ತು ಪರಿಶೀಲನೆ. ಘಟಕ ಅಳವಡಿಸಿದ ನಂತರ ಗೃಹ ಜ್ಯೋತಿಯ ಸೌಲಭ್ಯ ಹೇಗಿರುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ಹೆಸ್ಕಾಂನಿಂದ ಲಿಖಿತವಾಗಿ ಪಡೆಯಬೇಕು. ಮುಂಗಡ ಕೇಳುವವರ ಮಾತಿನ ಭರವಸೆಯನ್ನು ಆಧಾರವಾಗಿಟ್ಟುಕೊಳ್ಳಬಾರದು.

8. ಪಂಚಾಯತಿ ಸಿಬ್ಬಂದಿಗೆ ಒಂದು ಮಾತು

ಈ ಯೋಜನೆಯಲ್ಲಿ ಪ್ರತಿ ಮನೆಯ ಅಳವಡಿಕೆಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನವಿದೆ. ಇದು ಪ್ರಚಾರಕ್ಕೆ ಉತ್ತೇಜನವಾಗಲಿ; ಆದರೆ ಸಂಖ್ಯೆ ಹೆಚ್ಚಿಸುವ ಸಲುವಾಗಿ ಶೂನ್ಯ ಬಿಲ್ಲಿನ ಕುಟುಂಬವನ್ನು ಸಾಲಕ್ಕೆ ದೂಡಬಾರದು. “ನಿಮಗೆ ಸದ್ಯಕ್ಕೆ ಬೇಡ” ಎಂದು ಲೆಕ್ಕಸಹಿತ ತಿಳಿಸುವುದೂ ನಮ್ಮ ಸೇವೆಯ ಭಾಗವೇ ಆಗಿದೆ.

ಅಭ್ಯಾಸ

ಕಳೆದ 12 ತಿಂಗಳ ಬಿಲ್ಲುಗಳನ್ನು ತೆಗೆದಿಟ್ಟುಕೊಂಡು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1) ಎಷ್ಟು ತಿಂಗಳು ಬಳಕೆಯು 200 ಯೂನಿಟ್ ದಾಟಿದೆ?
2) ವರ್ಷದಲ್ಲಿ ಪಾವತಿಸಿದ ಒಟ್ಟು ಹಣವೆಷ್ಟು?
3) ಫ್ಯಾನು, ಗೀಸರ್ ಬದಲಾವಣೆಯಿಂದ ಎಷ್ಟು ಯೂನಿಟ್ ತಗ್ಗಬಹುದು?
4) ಸಹಾಯಧನ ಕಳೆದ ಮೊತ್ತವನ್ನು ವಾರ್ಷಿಕ ಉಳಿತಾಯದಿಂದ ಭಾಗಿಸಿದರೆ ಎಷ್ಟು ವರ್ಷ ಬರುತ್ತದೆ?

ಕೊನೆಯ ಉತ್ತರವು 5ರಿಂದ 6 ವರ್ಷದೊಳಗಿದ್ದು ಛಾವಣಿ ಗಟ್ಟಿಯಾಗಿದ್ದರೆ ಮುಂದುವರಿಯಬಹುದು. 10 ವರ್ಷ ಮೀರಿದರೆ ಕಾಯುವುದೇ ಲೇಸು. ಉತ್ತರಗಳೊಂದಿಗೆ ಪಂಚಾಯತಿ ಕಚೇರಿಗೆ ಬಂದಲ್ಲಿ ಲೆಕ್ಕವನ್ನು ಪರಿಶೀಲಿಸಿ ಕೊಡಲಾಗುವುದು.