ಒಂದೇ ಗಣಕದೊಳಗೆ ಮೂರು ಊರು: ರೌಟರ್ ಕಟ್ಟಿ ನೋಡುವ ಪಾಠ

ಕಚೇರಿಯಲ್ಲಿ ಜಾಲ ನಿಂತಿತೆಂದರೆ ಮೊದಲು ಕೂಗುವುದು ಗುಮಾಸ್ತನನ್ನೇ. ಸೂರತ್ತಿನ ಬಟ್ಟೆ ಮಾರುಕಟ್ಟೆಯಲ್ಲಿ ಬಿಲ್ಲು ಹೊರಡುವುದಿಲ್ಲ. ವಡೋದರೆಯ ಗೋದಾಮಿನ ದಾಸ್ತಾನು ಅಹಮದಾಬಾದಿನ ಮುಖ್ಯ ಕಚೇರಿಗೆ ಕಾಣುವುದಿಲ್ಲ. ಹೋಟೆಲಿನ ಗಲ್ಲಾದ ಮೇಲೆ ಕುಳಿತವರಿಗೆ ಹಣ ಬಂತೋ ಇಲ್ಲವೋ ತಿಳಿಯುವುದಿಲ್ಲ. ಆಗ ನಾವು ಮಾಡುವುದು ಒಂದೇ ಕೆಲಸ. ಮೂಲೆಯಲ್ಲಿ ದೀಪ ಮಿಣುಕಿಸುತ್ತಿರುವ ರೌಟರ್ ಎಂಬ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸುವುದು. ಸರಿಹೋಯಿತೋ, ಪುಣ್ಯ. ಇಲ್ಲವೋ, ತಿಳಿದವರು ಯಾರಾದರೂ ಬರುವ ತನಕ ಕೈಕಟ್ಟಿ ಕೂಡುವುದು. ಹಾಗೆ ಬಂದವರು ಮಾಡುವ ಕೆಲಸದಲ್ಲಿ ಹೆಚ್ಚಿನ ಪಾಲು ಯಾವುದೆಂದು ಗಮನಿಸಿದ್ದೀರಾ? ದಾರಿ ಎಲ್ಲಿಯವರೆಗೆ ಸರಿಯಿದೆ, ಎಲ್ಲಿಂದ ಕೆಟ್ಟಿದೆ ಎಂದು ಹುಡುಕುವುದೇ. ಈ ವಿದ್ಯೆಗೆ ದುಬಾರಿಯ ಪೆಟ್ಟಿಗೆ ಬೇಕಿಲ್ಲ. ತರಗತಿಗಳಿಗೆ ಸಾಲ ಮಾಡಿ ಹಣ ಕಟ್ಟಬೇಕಾಗಿಯೂ ಇಲ್ಲ. ವಾಚನಾಲಯದ ಹಳೆಯ ಗಣಕಯಂತ್ರವೊಂದು ಸಾಕು.

ರೌಟರ್ ಎಂದರೆ ಪೆಟ್ಟಿಗೆಯಲ್ಲ, ಒಂದು ಕೆಲಸ. ಒಂದು ಕಡೆಯಿಂದ ಬಂದ ಪೊಟ್ಟಣದ ವಿಳಾಸ ಓದಿ, ಅದನ್ನು ಯಾವ ಕಡೆಗೆ ಹೊರಡಿಸಬೇಕೆಂದು ತೀರ್ಮಾನಿಸುವುದೇ ಆ ಕೆಲಸ. 1969ರಲ್ಲಿ ಅಮೆರಿಕೆಯ ಅರ್ಪಾನೆಟ್ ಜಾಲ ಮೊದಲಾದಾಗ ಈ ಕೆಲಸಕ್ಕೆ ನಿಂತದ್ದು ಹನಿವೆಲ್ ಕಂಪೆನಿಯ ಗಣಕಗಳೇ. ಅವುಗಳ ಮೇಲೆ ಬರೆದ ಕ್ರಮವಿಧಿಯೇ ದಾರಿ ತೋರುತ್ತಿತ್ತು. ಆಮೇಲೆ ವೇಗಕ್ಕಾಗಿ ಪ್ರತ್ಯೇಕ ಯಂತ್ರಗಳು ಬಂದವು, ಬೆಲೆಯೂ ಏರಿತು. ಆದರೆ ಲಿನಕ್ಸ್ ಇರುವ ಯಾವ ಗಣಕವೂ ಇಂದಿಗೂ ರೌಟರ್ ಆಗಬಲ್ಲದು. ಜಪಾನಿನ ಕುನಿಹಿರೊ ಇಶಿಗುರೊ ಎಂಬವರು 1996ರಲ್ಲಿ ಜೀಬ್ರಾ ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಅದರಿಂದ ಕ್ವಾಗಾ, ಕ್ವಾಗಾದಿಂದ 2017ರಲ್ಲಿ ಎಫ್‌ಆರ್‌ಆರ್ ಕವಲೊಡೆದವು. (ಕ್ವಾಗಾ ಎಂಬುದು ಅಳಿದುಹೋದ ಒಂದು ಬಗೆಯ ಜೀಬ್ರಾ. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡಾಮಿನ ಮೃಗಾಲಯದಲ್ಲಿ ಸತ್ತಿತು. ತಂತ್ರಾಂಶಕ್ಕೆ ಇಂಥ ಹೆಸರಿಡುವವರ ಧೈರ್ಯ ಮೆಚ್ಚಬೇಕು.)

ರೌಟರು ವಿಳಾಸ ಓದುವ ಬಗೆ ನಮಗೆ ಹೊಸದೇನಲ್ಲ. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡನ್ನು ನೆನೆಯಿರಿ. 3ರಿಂದ ಮೊದಲಾದರೆ ಗುಜರಾತ್ ಅಥವಾ ರಾಜಸ್ಥಾನ. 38 ಎಂದರೆ ಅಹಮದಾಬಾದಿನ ಕಡೆ. 395 ಎಂದರೆ ಸೂರತ್. ಊರಿಗೆ ಹೋಗುವ ಕಾಗದದ ಮೇಲೆ 580 ಇದ್ದರೆ ಧಾರವಾಡ-ಹುಬ್ಬಳ್ಳಿ, 575 ಇದ್ದರೆ ಮಂಗಳೂರು. ಬೇರ್ಪಡಿಸುವವರ ಮುಂದೆ ‘3’ ಎಂಬ ಒಂದು ಗೂಡು, ‘395’ ಎಂಬ ಇನ್ನೊಂದು ಗೂಡು ಇವೆಯೆನ್ನೋಣ. 395003 ಎಂದು ಬರೆದ ಕಾಗದ ಎರಡಕ್ಕೂ ಹೊಂದುತ್ತದೆ. ಆದರೆ ಅದು ಸೇರಬೇಕಾದದ್ದು ‘395’ರ ಗೂಡಿಗೆ, ಏಕೆಂದರೆ ಹೆಚ್ಚು ಅಂಕಿ ಹೊಂದಿದ್ದು ಅಲ್ಲಿ. ರೌಟರಿನ ನಿಯಮವೂ ಇದೇ. ಅದರ ಕೋಷ್ಟಕದಲ್ಲಿ ಅತ್ಯಂತ ಉದ್ದಕ್ಕೆ ಹೊಂದುವ ಸಾಲು ಯಾವುದೋ ಅದರಂತೆ ನಡೆಯುತ್ತದೆ. ಯಾವುದೂ ಹೊಂದದಿದ್ದರೆ ‘ಡೀಫಾಲ್ಟ್’ ಎಂಬ ಗೂಡು. ಅದೂ ಇಲ್ಲದಿದ್ದರೆ ಕಾಗದ ಕಸಕ್ಕೆ.

ಇನ್ನು ಪ್ರಯೋಗಕ್ಕೆ ಬರೋಣ. ಲಿನಕ್ಸಿನಲ್ಲಿ ‘ನೆಟ್‌ವರ್ಕ್ ನೇಮ್‌ಸ್ಪೇಸ್’ ಎಂಬ ಸೌಲಭ್ಯವಿದೆ. ಒಂದೇ ಮನೆಯೊಳಗೆ ಗೋಡೆ ಎಬ್ಬಿಸಿ ಬೇರೆ ಬೇರೆ ಬಿಡಾರ ಮಾಡಿದ ಹಾಗೆ, ಒಂದೇ ಗಣಕದೊಳಗೆ ಬೇರೆ ಬೇರೆ ಗಣಕಗಳಂತೆ ವರ್ತಿಸುವ ಕೋಣೆಗಳನ್ನು ಇದರಿಂದ ಮಾಡಬಹುದು. ಕೋಣೆಯಿಂದ ಕೋಣೆಗೆ ಎಳೆಯುವ ಸುಳ್ಳು ತಂತಿಗೆ ‘ವೀಥ್’ ಎಂದು ಹೆಸರು. ನಾವು ಮೂರು ಕೋಣೆ ಮಾಡಿ ಸೂರತ್, ವಡೋದರಾ, ಅಹಮದಾಬಾದ್ ಎಂದು ಕರೆಯುತ್ತೇವೆ. ರೈಲು ಹೋಗುವಂತೆಯೇ ವಡೋದರೆ ನಡುವಿನ ಜಂಕ್ಷನ್. ಅದೇ ನಮ್ಮ ರೌಟರ್. ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕಾದ ಆಜ್ಞೆಗಳನ್ನೆಲ್ಲ ಸಾಲಾಗಿ ಬರೆದು ವಾಚನಾಲಯದ ಫಲಕಕ್ಕೆ ಅಂಟಿಸಿದ್ದೇವೆ. ಇಲ್ಲಿ ಅವುಗಳ ಅರ್ಥವನ್ನಷ್ಟೇ ಹೇಳುತ್ತೇವೆ, ಅರ್ಥ ತಿಳಿಯದೆ ಒತ್ತಿದ ಆಜ್ಞೆ ಗಿಳಿಪಾಠ.

ವಿಳಾಸಗಳು ಹೀಗೆ: ಸೂರತ್ 10.0.1.2, ವಡೋದರೆಯ ಸೂರತ್ ಕಡೆಯ ಬಾಗಿಲು 10.0.1.1, ಅಹಮದಾಬಾದಿನ ಕಡೆಯ ಬಾಗಿಲು 10.0.2.1, ಅಹಮದಾಬಾದ್ 10.0.2.2. ಎಲ್ಲಕ್ಕೂ ಕೊನೆಯಲ್ಲಿ /24 ಸೇರಿಸಬೇಕು. ಮೊದಲ ಮೂರು ಅಂಕಿಗಳು ಬೀದಿಯ ಹೆಸರು, ಕೊನೆಯದು ಮನೆಯ ಸಂಖ್ಯೆ ಎಂದು ಅದರ ತಾತ್ಪರ್ಯ. ವಿಳಾಸ ಕೊಟ್ಟ ಮೇಲೆ ಪ್ರತಿಯೊಂದು ತಂತಿಯ ಎರಡು ತುದಿಗಳನ್ನೂ ‘ಅಪ್’ ಮಾಡಲು ಮರೆಯಬಾರದು. ವಡೋದರೆಯ ಕೋಣೆಯಲ್ಲಿ ‘ಐಪಿ ಫಾರ್ವರ್ಡ್’ ಎಂಬ ಬೆಲೆ 0 ಎಂದಿರಲಿ. ಕೆಲವು ಗಣಕಗಳಲ್ಲಿ ಅದು ಮೊದಲೇ 1 ಆಗಿರುವುದುಂಟು. ನೋಡಿ, ಇದ್ದರೆ 0 ಮಾಡಿ.

ಈಗ ಸೂರತ್ತಿನಿಂದ 10.0.1.1ಕ್ಕೆ ‘ಪಿಂಗ್’ ಕಳಿಸಿ. ಪಿಂಗ್ ಎಂದರೆ ‘ಇದ್ದೀಯಾ?’ ಎಂದು ಕೇಳುವುದು, ‘ಇದ್ದೇನೆ’ ಎಂಬ ಉತ್ತರಕ್ಕೆ ಕಾಯುವುದು. ಉತ್ತರ ಬರುತ್ತದೆ, ಜೊತೆಗೆ ಟಿಟಿಎಲ್ 64 ಎಂದು ಕಾಣುತ್ತದೆ. ಈ ಅಂಕಿಯನ್ನು ಬರೆದಿಡಿ. ಲಿನಕ್ಸ್ ಪ್ರತಿ ಪೊಟ್ಟಣಕ್ಕೆ 64 ಆಯುಷ್ಯ ಕೊಟ್ಟು ಕಳಿಸುತ್ತದೆ. ಒಂದೊಂದು ರೌಟರ್ ದಾಟಿದಾಗಲೂ ಒಂದೊಂದು ಕಡಿಮೆಯಾಗುತ್ತದೆ.

ಮುಂದೆ ಸೂರತ್ತಿನಿಂದ ಅಹಮದಾಬಾದಿಗೆ, ಎಂದರೆ 10.0.2.2ಕ್ಕೆ ಕೇಳಿ. ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದು ತಕ್ಷಣ ಬಂದೀತು. ಇದನ್ನು ಹೇಳಿದವರು ಯಾರು? ಅಹಮದಾಬಾದಲ್ಲ, ವಡೋದರೆಯೂ ಅಲ್ಲ; ಸೂರತ್ ತಾನೇ ಹೇಳಿಕೊಂಡದ್ದು. ಅದರ ಕೋಷ್ಟಕದಲ್ಲಿ ಆ ಬೀದಿಯ ಹೆಸರೇ ಇಲ್ಲ. ಕಾಗದ ಮನೆ ಬಿಟ್ಟು ಹೊರಡಲೇ ಇಲ್ಲ. ಆದ್ದರಿಂದ ಸೂರತ್ತಿಗೆ ‘ಗೊತ್ತಿಲ್ಲದ್ದನ್ನೆಲ್ಲ 10.0.1.1ಕ್ಕೆ ಕೊಡು’ ಎಂಬ ಡೀಫಾಲ್ಟ್ ದಾರಿಯನ್ನು ಬರೆಯಿರಿ. ಮತ್ತೆ ಪಿಂಗ್ ಮಾಡಿ. ಈ ಸಲ ದೂರೂ ಇಲ್ಲ, ಉತ್ತರವೂ ಇಲ್ಲ, ಬರೀ ಮೌನ.

ಇಲ್ಲೊಂದು ಬಲೆಯಿದೆ. ಇದೇ ಸ್ಥಿತಿಯಲ್ಲಿ ಸೂರತ್ತಿನಿಂದ ವಡೋದರೆಯ ಆಚೆ ಬಾಗಿಲಿಗೆ, 10.0.2.1ಕ್ಕೆ ಕೇಳಿ ನೋಡಿ. ಉತ್ತರ ಬರುತ್ತದೆ! ‘ಆಚೆಯ ಬೀದಿ ಮುಟ್ಟಿತು, ರೌಟರ್ ಸರಿಯಿದೆ, ತಪ್ಪೆಲ್ಲ ಅಹಮದಾಬಾದಿನದು’ ಎಂದು ಎಷ್ಟೋ ಮಂದಿ ಇಲ್ಲಿಯೇ ತೀರ್ಪು ಕೊಟ್ಟುಬಿಡುತ್ತಾರೆ. ಟಿಟಿಎಲ್ ನೋಡಿ: 64. ಏನೂ ದಾಟಿಲ್ಲ. ಆಚೆ ಬಾಗಿಲೂ ವಡೋದರೆಯದೇ ಆದ್ದರಿಂದ ಮನೆಯವರು ಒಳಗಿನಿಂದಲೇ ಓಗೊಟ್ಟರು, ಅಷ್ಟೆ.

ಹಾಗಾದರೆ ಅಹಮದಾಬಾದಿನ ಪೊಟ್ಟಣ ಎಲ್ಲಿ ಕಳೆಯಿತು? ಊಹೆ ಬೇಡ, ‘ಟಿಸಿಪಿಡಂಪ್’ ಎಂಬ ಕಾವಲುಗಾರನನ್ನು ಕೂಡಿಸಿ ನೋಡುವುದು. ವಡೋದರೆಯ ಸೂರತ್ ಕಡೆಯ ಬಾಗಿಲಿನಲ್ಲಿ ಪ್ರಶ್ನೆ ಬಂದದ್ದು ಕಾಣುತ್ತದೆ. ಆಚೆ ಬಾಗಿಲಿನಲ್ಲಿ ಹೊರಟದ್ದು ಕಾಣುವುದಿಲ್ಲ. ಅಂದರೆ ವಡೋದರೆ ನುಂಗಿತು. ‘ಐಪಿ ಫಾರ್ವರ್ಡ್’ 0 ಆಗಿರುವವರೆಗೆ ಗಣಕವು ತನ್ನದಲ್ಲದ ಕಾಗದವನ್ನು ಸದ್ದಿಲ್ಲದೆ ಎಸೆಯುತ್ತದೆ. ಅದನ್ನು 1 ಮಾಡಿ. ಈ ಒಂದು ಅಂಕಿ ಬದಲಾದ ಗಳಿಗೆಯಲ್ಲಿ ಸಾಮಾನ್ಯ ಗಣಕವು ರೌಟರ್ ಆಯಿತು, ಬೇರೆ ಮಂತ್ರವಿಲ್ಲ.

ಈಗಲಾದರೂ ಉತ್ತರ ಬಂತೇ? ಇಲ್ಲ, ಮತ್ತೆ ಮೌನ. ಪಾಠದ ತಿರುಳು ಇರುವುದು ಇಲ್ಲಿಯೇ, ಆದ್ದರಿಂದ ಆತುರಪಡದೆ ನೋಡಬೇಕು. ಪರದೆಯ ಮೇಲೆ ಮೊದಲಿನ ಮೌನಕ್ಕೂ ಈ ಮೌನಕ್ಕೂ ಒಂದು ಕೂದಲಿನಷ್ಟೂ ಭೇದವಿಲ್ಲ. ಕಾವಲುಗಾರನನ್ನು ಕೇಳಿದರೆ ಭೇದ ತಿಳಿಯುತ್ತದೆ: ಪ್ರಶ್ನೆ ವಡೋದರೆಗೆ ಬಂತು, ಆಚೆಗೆ ಹೊರಟಿತು, ಅಹಮದಾಬಾದಿನ ಬಾಗಿಲನ್ನೂ ಮುಟ್ಟಿತು, ಅಲ್ಲಿಂದ ಉತ್ತರ ಮಾತ್ರ ಹೊರಡಲಿಲ್ಲ. ಏಕೆ? ಸೂರತ್ತಿನ ಬೀದಿ ಎಲ್ಲಿದೆಯೆಂದು ಅಹಮದಾಬಾದಿಗೆ ಯಾರೂ ಹೇಳಿಲ್ಲ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಒಂದನ್ನು ಬರೆದರೆ ಇನ್ನೊಂದು ತಾನಾಗಿ ಹುಟ್ಟುವುದಿಲ್ಲ. ಅಹಮದಾಬಾದಿನಲ್ಲಿ ‘10.0.1.0/24ಕ್ಕೆ 10.0.2.1ರ ಮೂಲಕ’ ಎಂಬ ಸಾಲು ಬರೆಯಿರಿ. ಉತ್ತರ ಬರತೊಡಗುತ್ತದೆ, ಟಿಟಿಎಲ್ 63. ಆ ಒಂದು ಅಂಕಿಯ ಇಳಿತವೇ ಪೊಟ್ಟಣ ರೌಟರ್ ದಾಟಿತೆಂಬುದಕ್ಕೆ ಸಾಕ್ಷಿ.

ಇಲ್ಲಿಗೆ ಬಂದವರು ಮೂರನೆಯ ಬಗೆಯ ಉತ್ತರವನ್ನೂ ನೋಡಿಬಿಡಲಿ. ಯಾವ ಕೋಷ್ಟಕದಲ್ಲೂ ಇಲ್ಲದ 10.0.7.7ಕ್ಕೆ ಸೂರತ್ತಿನಿಂದ ಕೇಳಿ. ‘10.0.1.1ರಿಂದ: ಡೆಸ್ಟಿನೇಶನ್ ನೆಟ್ ಅನ್‌ರೀಚಬಲ್’ ಎಂದು ಬರುತ್ತದೆ. ಮಾತಾಡಿದವರು ವಡೋದರೆಯವರು ಎಂಬುದನ್ನು ಗಮನಿಸಿ. ಸ್ವಂತ ಗಣಕದ ದೂರು, ನಡುವಿನ ರೌಟರಿನ ದೂರು, ಮೌನ - ಈ ಮೂರನ್ನು ಬೇರೆಮಾಡಿ ಹೇಳಬಲ್ಲವನು ಕಂಪೆನಿಗೆ ದೂರವಾಣಿ ಮಾಡಿದಾಗ ‘ನೆಟ್ ಬರುತ್ತಿಲ್ಲ’ ಎನ್ನುವುದಿಲ್ಲ. ‘ನಿಮ್ಮ ರೌಟರಿನವರೆಗೆ ಹೋಗುತ್ತಿದೆ, ಆಚೆಗೆ ದಾರಿಯಿಲ್ಲವೆಂದು ಅದೇ ಹೇಳುತ್ತಿದೆ’ ಎನ್ನುತ್ತಾನೆ. ಮಾತಾಡುವವರ ದನಿ ಬದಲಾಗುವುದನ್ನು ನೀವೇ ಕೇಳುವಿರಿ.

ಎರಡನೆಯ ಪ್ರಯೋಗಕ್ಕೆ ಎಫ್‌ಆರ್‌ಆರ್ ಬೇಕು. ಇಷ್ಟು ಹೊತ್ತು ದಾರಿಗಳನ್ನು ಕೈಯಿಂದ ಬರೆದೆವು. ಮೂರು ಊರಿಗೆ ಸರಿ, ಮುನ್ನೂರಾದರೆ? ಆಗ ರೌಟರುಗಳೇ ಒಂದಕ್ಕೊಂದು ಸುದ್ದಿ ಹೇಳಿ ಕೋಷ್ಟಕ ಬರೆದುಕೊಳ್ಳುವ ಏರ್ಪಾಡು ಬೇಕು. ಅಂಥವುಗಳಲ್ಲಿ ಓಎಸ್‌ಪಿಎಫ್ ಒಂದು. ಗೋಧ್ರಾ ಎಂಬ ನಾಲ್ಕನೆಯ ಕೋಣೆ ಮಾಡಿ, ಅಲ್ಲಿಯೂ ಫಾರ್ವರ್ಡ್ 1 ಮಾಡಿ, ವಡೋದರೆಗೂ ಅಹಮದಾಬಾದಿಗೂ ಒಂದೊಂದು ತಂತಿ ಎಳೆಯಿರಿ. (ರೈಲು ಗೋಧ್ರಾದಿಂದ ಆಣಂದಕ್ಕೆ ಬಂದು ಅಹಮದಾಬಾದಿಗೆ ಹೋಗುತ್ತದೆ, ನಮ್ಮ ತಂತಿ ನೇರ.) ಅಹಮದಾಬಾದಿಗೆ ಒಳಮನೆಯ ವಿಳಾಸವೊಂದು ಇರಲಿ: ಲೂಪ್‌ಬ್ಯಾಕ್ ಮೇಲೆ 10.0.9.1. ತಂತಿಗೆ ಕೊಟ್ಟ ವಿಳಾಸವು ತಂತಿ ಸತ್ತರೆ ತಾನೂ ಸಾಯುತ್ತದೆ. ಒಳಮನೆಯ ವಿಳಾಸ ಉಳಿಯುತ್ತದೆ. ಮೊದಲು ಅಹಮದಾಬಾದಿನಲ್ಲಿ ಕೈಯಿಂದ ಬರೆದ ದಾರಿಯನ್ನು ಅಳಿಸಬೇಕು. ಉಳಿದರೆ ಅದು ಸತ್ತ ತಂತಿಯನ್ನೇ ಹಿಡಿದು ಕೂತು ಪ್ರಯೋಗ ಕೆಡಿಸುತ್ತದೆ.

ನಾಲ್ಕು ಕೋಣೆಗಳಲ್ಲಿ ಎಫ್‌ಆರ್‌ಆರ್ ಅನ್ನು ಬೇರೆ ಬೇರೆಯಾಗಿ ಓಡಿಸುವುದು ತುಸು ಗೋಜಿನ ಕೆಲಸ. ಈ ಗೋಜನ್ನು ಬಿಡಿಸಿದವರು ನಮ್ಮ ಕಡೆಯವರೇ ಎಂದು ಹೇಳಲು ಸಂತೋಷವಾಗುತ್ತದೆ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜೆಂದು ಮೊದಲಾಗಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ಸುರತ್ಕಲ್ಲಿನ ಸಂಸ್ಥೆಯಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ‘ನೆಸ್ಟ್’ ಎಂಬ ಉಪಕರಣವನ್ನು ಕಟ್ಟಿದ್ದಾರೆ. 2020ರಲ್ಲಿ ಅದರ ಬಗ್ಗೆ ಪ್ರಬಂಧವೂ ಬಂದಿತು. ಪೈಥಾನ್ ಭಾಷೆಯ ಕೆಲವೇ ಸಾಲುಗಳಲ್ಲಿ ಕೋಣೆ, ತಂತಿ, ವಿಳಾಸಗಳನ್ನು ಹೇಳಿದರೆ ನೆಸ್ಟ್ ಇದೇ ನೇಮ್‌ಸ್ಪೇಸುಗಳನ್ನು ಹೂಡಿ, ಎಫ್‌ಆರ್‌ಆರ್ ಓಡಿಸಿ, ಅಳತೆಯನ್ನೂ ಮಾಡಿಕೊಡುತ್ತದೆ. ಉಚಿತ, ಮೂಲ ಬರಹವೂ ತೆರೆದಿಟ್ಟದ್ದು. ಇದೇ ಸಂಸ್ಥೆಯವರು ಬರೆದ, ಪೊಟ್ಟಣಗಳ ಸರದಿಯನ್ನು ನಿಭಾಯಿಸುವ ‘ಎಫ್‌ಕ್ಯೂ ಪೈ’ ಎಂಬ ಭಾಗವು 2020ರ ಲಿನಕ್ಸ್ 5.6ರಲ್ಲಿ ಸೇರಿತು. ಆದರೂ ನಮ್ಮ ಅಭಿಪ್ರಾಯದಲ್ಲಿ ಮೊದಲ ಪ್ರಯೋಗವನ್ನು ಕೈಯಿಂದಲೇ ಮಾಡಿ, ಆಮೇಲೆ ನೆಸ್ಟ್ ಮುಟ್ಟುವುದು ಲೇಸು. ಕೂಡಿಸಿ ಕಳೆಯಲು ಕಲಿತ ಮೇಲಲ್ಲವೇ ಲೆಕ್ಕದ ಯಂತ್ರ?

ಓಎಸ್‌ಪಿಎಫ್ ನಿಂತಮೇಲೆ ಸೂರತ್ತಿನಿಂದ 10.0.9.1ಕ್ಕೆ ಸೆಕೆಂಡಿಗೊಂದರಂತೆ ಪಿಂಗ್ ಹರಿಯುತ್ತಿರಲಿ. ಟಿಟಿಎಲ್ 63 ಎಂದು ಬರುತ್ತಿರುತ್ತದೆ. ವಡೋದರೆಯಲ್ಲಿ ಅಹಮದಾಬಾದಿನ ತಂತಿಯನ್ನು ‘ಡೌನ್’ ಮಾಡಿ. ಒಂದೆರಡು ಉತ್ತರ ತಪ್ಪಿದರೂ ತಪ್ಪಬಹುದು. ಕೂಡಲೇ ಟಿಟಿಎಲ್ 62 ಆಗಿ ಹರಿವು ಮುಂದುವರಿಯುತ್ತದೆ. ಗೋಧ್ರಾ ಸುತ್ತಿ ಬರುತ್ತಿದೆ ಎಂದರ್ಥ.

ತಂತಿಯನ್ನು ಮತ್ತೆ ಎಬ್ಬಿಸಿ 63 ಬರುವವರೆಗೆ ಕಾಯಿರಿ. ಈಗ ಅದನ್ನು ಕಡಿಯಬೇಡಿ. ‘ಟಿಸಿ’ ಆಜ್ಞೆಯ ‘ನೆಟ್‌ಎಮ್’ನಿಂದ ವಡೋದರೆಯ ಆ ಬಾಗಿಲಿಗೆ ನೂರಕ್ಕೆ ನೂರು ನಷ್ಟ ಹೇರಿ. ತಂತಿಯ ದೀಪ ಉರಿಯುತ್ತಲೇ ಇರುತ್ತದೆ, ಆದರೆ ಹಾಕಿದ್ದೊಂದೂ ಆಚೆ ಸೇರುವುದಿಲ್ಲ. ತಪ್ಪಿದ ಉತ್ತರಗಳನ್ನು ಎಣಿಸಿ. ಮೂವತ್ತು, ಮೂವತ್ತೈದು, ನಲವತ್ತರ ಹತ್ತಿರ! ಕಾರಣ ಹೀಗಿದೆ. ಓಎಸ್‌ಪಿಎಫ್ ನೆರೆಯವರು ರೂಢಿಯಂತೆ 10 ಸೆಕೆಂಡಿಗೊಮ್ಮೆ ‘ಹಲೋ’ ಎನ್ನುತ್ತಾರೆ. 40 ಸೆಕೆಂಡು ಹಲೋ ಕೇಳದಿದ್ದರೆ ಮಾತ್ರ ನೆರೆಯವನು ಇಲ್ಲವಾದನೆಂದು ತಿಳಿಯುತ್ತಾರೆ. ಕಡಿದ ತಂತಿಯ ಸುದ್ದಿ ತಂತಿಯೇ ಹೇಳುತ್ತದೆ. ದೀಪ ಉರಿಸಿಕೊಂಡು ಸತ್ತ ತಂತಿಯ ಸುದ್ದಿಯನ್ನು ಹೇಳುವವರಿಲ್ಲ. ಕಚೇರಿಯ ಪೆಟ್ಟಿಗೆಯಲ್ಲಿ ದೀಪವೆಲ್ಲ ಹಸಿರಾಗಿದ್ದೂ ಬಿಲ್ಲು ಹೊರಡದ ಹೊತ್ತನ್ನು ನೆನೆಸಿಕೊಳ್ಳಿ. ಹಲೋ ಅವಧಿಯನ್ನು 1 ಸೆಕೆಂಡಿಗೂ ಕಾಯುವ ಅವಧಿಯನ್ನು 4 ಸೆಕೆಂಡಿಗೂ ಇಳಿಸಿ ಮತ್ತೆ ಎಣಿಸಿ. ತಂತಿಯ ಎರಡು ತುದಿಗಳಲ್ಲೂ ಒಂದೇ ಬೆಲೆ ಇರಬೇಕು. ಒಂದೇ ಕಡೆ ಬದಲಿಸಿದರೆ ಅವು ನೆರೆಯವರಾಗಲು ಒಪ್ಪುವುದೇ ಇಲ್ಲ. ಅದನ್ನೂ ಬೇಕೆಂದೇ ಕೆಡಿಸಿ ನೋಡಬಹುದು.

ಒಂದು ಎಚ್ಚರಿಕೆ. ಇದೆಲ್ಲ ಈ ಗಣಕದೊಳಗಿನ ಆಟ. ಕೆಲಸದ ಮನೆಯ ರೌಟರನ್ನು ಯಜಮಾನರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ 43 ಮತ್ತು 66ನೆಯ ಕಲಮುಗಳು ಒಪ್ಪಿಗೆಯಿಲ್ಲದ ಪ್ರವೇಶಕ್ಕೂ ಜಾಲಕ್ಕೆ ಅಡ್ಡಿಮಾಡುವುದಕ್ಕೂ ಅನ್ವಯಿಸುತ್ತವೆ. ಪಿಂಗ್ ಮಾಡಿ ದಾರಿ ನೋಡುವುದು ಬೇರೆ, ಒಳಗೆ ಕೈಹಾಕುವುದು ಬೇರೆ.

ಗಣಕದ ಮುಂದೆ ಇಬ್ಬಿಬ್ಬರು ಕೂಡುವುದು ಒಳ್ಳೆಯದು. ಒಬ್ಬರು ಗುಟ್ಟಾಗಿ ಒಂದು ಸಾಲು ಅಳಿಸಲಿ ಅಥವಾ ಫಾರ್ವರ್ಡ್ 0 ಮಾಡಲಿ; ಇನ್ನೊಬ್ಬರು ಪಿಂಗ್ ಮತ್ತು ಟಿಸಿಪಿಡಂಪ್ ಮಾತ್ರದಿಂದ ಎಲ್ಲಿ ಕೆಟ್ಟಿದೆಯೆಂದು ಕಾಗದದ ಮೇಲೆ ಬರೆದು, ಆಮೇಲೆ ಕೋಷ್ಟಕ ತೆರೆಯಲಿ. ಗಣಕವನ್ನು ಆರಿಸಿದೊಡನೆ ಕೋಣೆಗಳೂ ತಂತಿಗಳೂ ಅಳಿದುಹೋಗುತ್ತವೆ, ಎಷ್ಟು ಕೆಡಿಸಿದರೂ ಯಾರಿಗೂ ನಷ್ಟವಿಲ್ಲ. ಉಳಿಯಬೇಕೆಂದಿರುವ ಆಜ್ಞೆಗಳನ್ನು ಮಾತ್ರ ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪಾಠದಲ್ಲಿ ಇದೇ ವಡೋದರೆಯ ಕೋಣೆಯಲ್ಲಿ, ಒಳಗಿನ ಹಲವು ವಿಳಾಸಗಳು ಹೊರಗೆ ಒಂದೇ ವಿಳಾಸವಾಗಿ ಕಾಣುವ ಏರ್ಪಾಡನ್ನು ಕಟ್ಟಿ ನೋಡುತ್ತೇವೆ.